ಅಡುಗೆಮನೆಯ ತನಕ ಹೋಗುವ ಪರದೆ

ನನ್ನ ಕೆಲಸಕ್ಕೆ ಲ್ಯಾಪ್‌ಟಾಪ್ ಒಳ್ಳೆಯದೋ ಟ್ಯಾಬ್ ಒಳ್ಳೆಯದೋ ಎಂಬ ವಾದ ನಮ್ಮ ಮನೆಯಲ್ಲಿ ಒಂದು ಬೇಸಿಗೆಯಿಡೀ ನಡೆಯಿತು. ಕೆಲಸ ಅಂದರೆ ಕಚೇರಿಯದೇನಲ್ಲ. ಸಾಂಗ್ಲಿಯ ನಮ್ಮ ಮನೆಯ ಹೊರಕೋಣೆಯಲ್ಲಿ ಕೂತು ನಾನು ಗಂಡು ಹೆಣ್ಣಿನ ಸಂಬಂಧ ಜೋಡಿಸುತ್ತೇನೆ. ಬರುವವರು ಹೆಚ್ಚಾಗಿ ನಮ್ಮವರೇ: ಕನ್ನಡ ಮನೆಮಾತಿನ ಲಿಂಗಾಯತ ವ್ಯಾಪಾರಸ್ಥರು, ಅಜ್ಜ ಮುತ್ತಜ್ಜರ ಕಾಲದಲ್ಲಿ ಬಂದು ಸಾಂಗ್ಲಿ, ಮಿರಜದ ಪೇಟೆಯಲ್ಲಿ ಅರಿಸಿನ, ಬೆಲ್ಲ, ಬಟ್ಟೆ ಮಾರಿಕೊಂಡು ಇಲ್ಲಿಯವರೇ ಆಗಿಹೋದವರು. ಅಂಗಡಿಯಲ್ಲಿ ಮರಾಠಿ, ಅಡುಗೆಮನೆಯಲ್ಲಿ ಕನ್ನಡ. ಹೆಣ್ಣು ಬೇಕೆಂದು ಬಂದವರ ಮೊದಲ ಪ್ರಶ್ನೆ, "ಹುಡಗಿಗೆ ಕನ್ನಡ ಬರತೈತೇನ್ರಿ?" ನಿಮ್ಮ ಹುಡುಗನಿಗೆ ಬರುತ್ತದೆಯೇ ಎಂದು ನಾನು ತಿರುಗಿ ಕೇಳಿದರೆ, "ತಿಳೀತೈತ್ರಿ" ಎಂದು ಹೇಳಿ ಫ್ಯಾನ್ ಕಡೆ ನೋಡುತ್ತಾರೆ.

ಈ ಕೆಲಸ ನನಗೆ ಅತ್ತೆಯಿಂದ ಬಂದದ್ದು. ಅವರ ಕಾಲದಲ್ಲಿ ಎಲ್ಲವೂ ಬಾಯಿಮಾತು, ಜೊತೆಗೊಂದು ಫೋಟೊ. ಫೋಟೊ ನೋಡುವುದಕ್ಕೆ ನಮ್ಮ ಮಂದಿಯಲ್ಲಿ ಒಂದು ಕ್ರಮವಿದೆ. ಯಾರೂ ಹೇಳಿಕೊಟ್ಟದ್ದಲ್ಲ, ಆದರೆ ತಪ್ಪಿಸಿದವರನ್ನು ನಾನು ಕಂಡಿಲ್ಲ. ಮೊದಲು ಪಡಸಾಲೆಯಲ್ಲಿ ಕೂತ ಗಂಡಸರು ನೋಡುತ್ತಾರೆ, ಏನೂ ಹೇಳುವುದಿಲ್ಲ. ಹುಡುಗನ ಕೈಗೆ ಒಂದು ಗಳಿಗೆ ಬರುತ್ತದೆ. ಆಮೇಲೆ ಫೋಟೊ ಒಳಗೆ ಹೋಗುತ್ತದೆ. ಅಲ್ಲಿ ಅಜ್ಜಿ, ಅವ್ವ, ಕಾಕಿ ಎಲ್ಲರೂ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಹಣೆ, ಮೂಗು, ಸೀರೆ ಉಟ್ಟ ರೀತಿ ಎಲ್ಲ ನೋಡುತ್ತಾರೆ. ಮನಸ್ಸಿಗೆ ಬಂದರೆ ಫೋಟೊದ ಕೆನ್ನೆಯನ್ನೇ ಎರಡೂ ಕೈಯಿಂದ ಸವರಿ, ಬೆರಳನ್ನು ತಮ್ಮ ಕಪಾಳಕ್ಕೆ ಒತ್ತಿ ಲಟಿಕೆ ಮುರಿದು ದೃಷ್ಟಿ ತೆಗೆಯುತ್ತಾರೆ. ಆ ಲಟಿಕೆಯ ಸಪ್ಪಳ ಪಡಸಾಲೆಗೆ ಕೇಳಿಸಿದರೆ ಅರ್ಧ ಮದುವೆ ಆಯಿತೆಂದೇ ಲೆಕ್ಕ. ಒಳಗಿನಿಂದ ಫೋಟೊ ಸುಮ್ಮನೆ ತಿರುಗಿ ಬಂದರೆ ನಾನು ಚಹಾ ಕುಡಿದು ಎದ್ದುಬಿಡುತ್ತೇನೆ.

ಲ್ಯಾಪ್‌ಟಾಪ್ ಬಂದ ಮೇಲೆ ಈ ಕ್ರಮ ಕೆಟ್ಟುಹೋಯಿತು. ಅದನ್ನು ತಂದವರು ನಮ್ಮ ಮನೆಯವರು. ಬೆಲ್ಲದ ಅಂಗಡಿಯಲ್ಲಿ ಇಡೀ ದಿನ ಕೂರುವ ಮನುಷ್ಯ, ಎಲ್ಲವೂ ಅದರದರ ಜಾಗದಲ್ಲಿ ಇರಬೇಕು ಎನ್ನುವ ಸ್ವಭಾವ. ಫೋಟೊ, ವಯಸ್ಸು, ಓದು, ಮನೆತನ ಎಲ್ಲವನ್ನೂ ಬೇರೆ ಬೇರೆ ಫೋಲ್ಡರ್ ಮಾಡಿ ಇಟ್ಟುಕೊಟ್ಟರು. ಮನೆಯಲ್ಲಿ ಕೂತು ಟೈಪ್ ಮಾಡಲು ಅದಕ್ಕಿಂತ ಒಳ್ಳೆಯದು ಇಲ್ಲ, ಒಪ್ಪುತ್ತೇನೆ. ಆದರೆ ಮಂದಿಯ ಮನೆಗೆ ಹೊತ್ತುಕೊಂಡು ಹೋದರೆ ನನ್ನ ಗತಿ ನೋಡಬೇಕು. ಬ್ಯಾಟರಿ ಹಳೆಯದು, ವೈರ್ ಹಾಕದೆ ಏಳುವುದಿಲ್ಲ. ಪ್ಲಗ್ ಇರುವುದು ಟಿ.ವಿ. ಹಿಂದೆ. ಟಿ.ವಿ. ನೋಡುತ್ತಿರುವ ಅಜ್ಜ ರಿಮೋಟ್ ಬಿಡುವುದಿಲ್ಲ. ಹೇಗೋ ಅದನ್ನು ಟೀಪಾಯಿಯ ಮೇಲಿಟ್ಟು ತೆರೆದರೆ ಎದುರಿನವರಿಗೆ ಕಾಣುವುದು ಅದರ ಬೆನ್ನು. ನಾನು ನನ್ನಷ್ಟಕ್ಕೆ ಏನೋ ನೋಡುತ್ತ ಕೂತಿದ್ದರೆ ಅವರಿಗೆ ಸಂಶಯ, ಇವಳು ಒಳ್ಳೆಯ ಹೆಣ್ಣನ್ನು ಬೇರೆಯವರಿಗೆ ಎತ್ತಿಟ್ಟಿದ್ದಾಳೆ ಎಂದು. ಎಲ್ಲರನ್ನೂ ನನ್ನ ಹಿಂದೆ ಬಂದು ನಿಲ್ಲಿ ಎಂದರೆ ಹಿರಿಯರು ಏಳಲೊಲ್ಲರು. ಮುಖ್ಯವಾಗಿ ಅದು ಅಡುಗೆಮನೆಗೆ ಹೋಗುವುದಿಲ್ಲ. ಹೆಂಗಸರು ಬಾಗಿಲಲ್ಲಿ ನಿಂತು, ಸೆರಗು ಸರಿ ಮಾಡಿಕೊಂಡು, ದೂರದಿಂದ ಇಣುಕಿ, "ಛಲೋ ಅದಾಳ ತಗೋರಿ" ಎಂದು ಬಾಯಿಮಾತಿಗೆ ಹೇಳಿ ಒಳಗೆ ಹೋಗುತ್ತಾರೆ. ಅಂಥ ಸಂಬಂಧ ಮುಂದೆ ಸಾಗಿದ್ದು ನನಗೆ ನೆನಪಿಲ್ಲ.

ನನ್ನ ಮಗಳು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಇಪ್ಪತ್ತು ವರ್ಷದಿಂದ ಹೀಗೇ ನಡೆದಿದೆ. "ಆಯಿ, ಟ್ಯಾಬ್ ಘೇ", ಅವ್ವಾ ಟ್ಯಾಬ್ ತಗೋ ಎಂದು ಅವಳ ಹಟ. ಹಗುರ, ಕೈಯಿಂದ ಕೈಗೆ ಹೋಗುತ್ತದೆ, ಯಾರ ಮನೆಯ ಪ್ಲಗ್ಗೂ ಹುಡುಕಬೇಕಿಲ್ಲ. ಅವಳ ಅಪ್ಪನಿಗೆ ಅದು ಸೇರದು. "ಅದು ಆಟದ ಸಾಮಾನು. ಕೆಲಸಾ ಅಂದ್ರ ಕೀಲಿಮಣಿ ಬೇಕು, ಫೋಲ್ಡರ್ ಬೇಕು" ಎಂದು ಅವರು. ಊಟಕ್ಕೆ ಕೂತಾಗ ಇದೇ ಮಾತು. ನಾನು ಇಬ್ಬರಿಗೂ ಹೂಂ ಅನ್ನುತ್ತ ಭಕ್ಕರಿ ಬಡಿಯುತ್ತಿದ್ದೆ. ಕಡೆಗೆ ದೀಪಾವಳಿಗೆ ಮಗಳು ಕೇಳದೆಯೇ ತಂದುಕೊಟ್ಟಳು, ಲ್ಯಾಪ್‌ಟಾಪಿನಲ್ಲಿದ್ದ ಫೋಟೊಗಳನ್ನೆಲ್ಲ ತಾನೇ ಅದಕ್ಕೆ ಹಾಕಿದಳು, ನನಗೆ ಎರಡು ಬೆರಳಿನಲ್ಲಿ ಫೋಟೊ ದೊಡ್ಡದು ಮಾಡುವುದನ್ನು ಕಲಿಸಿದಳು.

ಟ್ಯಾಬ್ ಬಂದ ಮೇಲೆ ನನ್ನ ಹಳೆಯ ದಿನಗಳು ತಿರುಗಿ ಬಂದವು. ಅದು ಪಡಸಾಲೆಯಿಂದ ಒಳಗೆ ಹೋಗುತ್ತಿತ್ತು, ಒಗ್ಗರಣೆಯ ಹೊಗೆಯಲ್ಲಿ ಓಡಾಡುತ್ತಿತ್ತು, ಗಾಜಿನ ಮೇಲೆ ಹಿಟ್ಟಿನ ಬೆರಳಿನ ಗುರುತು ಮೂಡಿಸಿಕೊಂಡು ಹೊರಗೆ ಬರುತ್ತಿತ್ತು. ನಾನು ಅದನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕುತ್ತಿದ್ದೆ. ಮಗಳೆದುರು ಒಪ್ಪಿಕೊಳ್ಳಲಿಲ್ಲ, ಆದರೆ ಮನಸ್ಸಿನಲ್ಲಿ ಅವಳಿಗೇ ಪೂರ್ತಿ ಅಂಕ ಕೊಟ್ಟಿದ್ದೆ.

ಇದಕ್ಕೂ ಮುಂಚೆ, ಇನ್ನೂ ಲ್ಯಾಪ್‌ಟಾಪ್ ಒಂದೇ ಇದ್ದಾಗ, ಒಂದು ಮಧ್ಯಾಹ್ನ ಮಿರಜದಿಂದ ಒಬ್ಬಳು ಬಂದಿದ್ದಳು. ಮೂವತ್ತು ದಾಟಿದ ಹೆಣ್ಣುಮಗಳು. ಗಂಡ ಜ್ವರ ಬಂದು ಮಲಗಿದವನು ಏಳಲೇ ಇಲ್ಲ, ಅದಾಗಿ ನಾಲ್ಕು ವರ್ಷವಾಗಿತ್ತು. ಮಕ್ಕಳಿಲ್ಲ. ಮಿರಜದ ಪೇಟೆಯಲ್ಲಿ ಅವರದೊಂದು ಬಟ್ಟೆ ಅಂಗಡಿ, ಅದನ್ನು ಅವಳೂ ಅವಳ ಮೈದುನನೂ ಸೇರಿ ನಡೆಸುತ್ತಾರೆ. ಮನೆಯಲ್ಲಿ ಅತ್ತೆ, ಮೈದುನ, ಇವಳು, ಮೂರೇ ಜನ. ಅವರ ಮನೆತನ ನನಗೆ ಮೊದಲಿನಿಂದ ಗೊತ್ತು. ಇವಳನ್ನು ಆ ಅಂಗಡಿಯಲ್ಲಿ ಕಂಡಿದ್ದೆ, ನನ್ನ ಎದುರಿಗೆ ಹೀಗೆ ಕೂರುತ್ತಾಳೆಂದು ಎಣಿಸಿರಲಿಲ್ಲ.

"ಮಾವಶಿ, ನನಗೂ ಒಂದು ನೋಡ್ರಿ" ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಅವಳ ಕಿವಿ ಕೆಂಪಾಗಿದ್ದವು.

ನಾನು ಟೈಪ್ ಮಾಡುತ್ತ ಹೋದೆ. ಅವಳಿಗೆ ಪರದೆ ಕಾಣುತ್ತಿರಲಿಲ್ಲ. ನಡುವೆ ನಿಲ್ಲಿಸಿ, "ಏನಂತ ಬರದ್ರಿ?" ಎಂದು ಕೇಳಿದಳು. ನಾನು ತಿರುಗಿಸಿ ತೋರಿಸಿದೆ. ಓದಿ ಹೇಳಿದಳು: "ಒಂದ ಮಾತು. ನಮ್ಮ ಅತ್ತಿಯವ್ರಿಗೆ ಒಟ್ಟ ಗೊತ್ತಾಗಬಾರ್ದು ನೋಡ್ರಿ. ಕೂಡಿ ಬಂದ್ರ ನಾನ ಹೇಳತೇನಿ. ಕೂಡಿ ಬರಲಿಲ್ಲಂದ್ರ ಸುಳ್ಳ ಅವ್ರ ಮನಸ ಯಾಕ ಮುರೀಬೇಕು? ಬಿಟ್ಟು ಹೊಂಟಿದ್ಲು ಅಂತ ಒಮ್ಮಿ ಅನ್ನಿಸ್ತಂದ್ರ ಮತ್ತ ನಾ ಆ ಮನ್ಯಾಗ ಹೆಂಗ ಇರಲಿ? ಅದು ಬಿಟ್ರ ನನಗ ಇನ್ನೊಂದು ಮನಿ ಇಲ್ರಿ."

ಅದು ಸುಳ್ಳಲ್ಲ. ತಂದೆ ತಾಯಿ ತೀರಿಹೋಗಿದ್ದರು. ಒಬ್ಬ ಅಣ್ಣ ಸೊಲ್ಲಾಪುರದಲ್ಲಿದ್ದಾನೆ, ಹಬ್ಬಕ್ಕೂ ಕರೆಯುವುದಿಲ್ಲ. ನಾನು ಮಾತು ಕೊಟ್ಟೆ. ಅವಳ ಫೋನಿನಿಂದ ಬಂದ ಫೋಟೊವನ್ನು ಎರಡನೇ ಸಂಬಂಧದವರ ಫೋಲ್ಡರಿನಲ್ಲಿ ಇಟ್ಟೆ. ಮನೆಯ ಮೇಲಿನ ಗಚ್ಚಿಯಲ್ಲಿ ಅವಳೇ ಕೈ ಚಾಚಿ ತೆಗೆದುಕೊಂಡ ಫೋಟೊ, ಬೂದು ಬಣ್ಣದ ಸೀರೆ, ಹಿಂದೆ ಗಚ್ಚಿಯ ಅಂಚಿಗೆ ಹಾಕಿದ ಹಸಿರು ಬಣ್ಣದ ಕಬ್ಬಿಣದ ಕಟಾಂಜನ. ಆ ಫೋಲ್ಡರನ್ನು ನಾನು ಯಾರ ಮನೆಯಲ್ಲೂ ತೆರೆಯುತ್ತಿರಲಿಲ್ಲ. ಅವಳಿಗೆ ತಕ್ಕ ಹುಡುಗನನ್ನು ಹುಡುಕುತ್ತಲೂ ಇದ್ದೆ, ಆದರೆ ಬಂದ ಕೆಲವರು ಅಂಗಡಿಯ ಪಾಲಿನ ಬಗ್ಗೆಯೇ ಮೊದಲು ಕೇಳಿದರು. ಅವರನ್ನು ನಾನೇ ಬಾಗಿಲಿನಿಂದ ಕಳಿಸಿದೆ.

ದೀಪಾವಳಿ ಕಳೆದು, ತುಳಸಿ ಲಗ್ನವಾಗಿ, ಮದುವೆಯ ಹಂಗಾಮು ಶುರುವಾಯಿತು. ಆಗ ಮಿರಜದ ಆ ಮನೆಯ ಅತ್ತೆಯೇ ನನಗೆ ಫೋನ್ ಮಾಡಿದರು. "ತಂಗಿ, ನಮ್ಮ ಸಣ್ಣವಗ ಒಂದು ಹುಡಗಿ ನೋಡು. ಮನಿಗೇ ಬಾ, ನನಗ ಮೊಣಕಾಲ ಬ್ಯಾನಿ." ನಾನು ಅವರನ್ನು ಕಾಕಿ ಎನ್ನುತ್ತೇನೆ. ಎಪ್ಪತ್ತರ ಹತ್ತಿರದವರು, ಮಾತು ಕಡಿಮೆ, ಆಡಿದರೆ ಖಡಕ್. ಹೋಗುವುದಿಲ್ಲ ಎನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ಮಿರಜದ ಹತ್ತಿರದ ಬೇಡಗ ಎಂಬ ಹಳ್ಳಿಯಲ್ಲಿ ಒಂದು ಒಳ್ಳೆಯ ಹುಡುಗಿ ಇದ್ದಳು, ಒಕ್ಕಲುತನದ ಮನೆ, ಬಿ.ಕಾಂ. ಓದಿದವಳು, ಕನ್ನಡ ನೆಟ್ಟಗೆ ಮಾತಾಡುತ್ತಿದ್ದಳು.

ಹೊರಡುವಾಗ ನಾನು ಯೋಚನೆ ಮಾಡಿಯೇ ಟ್ಯಾಬ್ ತೆಗೆದುಕೊಂಡೆ. ಮಗಳು ಟ್ಯಾಬಿಗೆ ಹಾಕಿದ್ದು ಮೊದಲ ಸಂಬಂಧದವರ ಫೋಟೊಗಳನ್ನಷ್ಟೇ ಎಂದು ನನ್ನ ಲೆಕ್ಕ; ಸೊಸೆಯ ಫೋಟೊ ಇರುವುದು ಲ್ಯಾಪ್‌ಟಾಪಿನಲ್ಲಿ, ಅದು ಮನೆಯಲ್ಲೇ ಇರಲಿ, ಯಾವ ತೊಂದರೆಯೂ ಬೇಡ ಎಂದು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಬಸ್ಸು ಹತ್ತಿದೆ.

ಆ ಮನೆಯ ಪಡಸಾಲೆಯಲ್ಲಿ ಹುಡುಗ ಒಬ್ಬನೇ ಕೂತಿದ್ದ. ಬೇಡಗದ ಹುಡುಗಿಯ ಫೋಟೊ ನೋಡಿ, ಮೊದಲು ನನ್ನ ಕಡೆ, ಆಮೇಲೆ ಗೋಡೆಯ ಮೇಲಿನ ಅಣ್ಣನ ಫೋಟೊದ ಕಡೆ ನೋಡಿದ. "ಅವ್ವಗ ತೋರಸ್ರಿ" ಎಂದ. ಅಂದರೆ ಒಪ್ಪಿಗೆ ಎಂದು ನನಗೆ ತಿಳಿಯಿತು. ಟ್ಯಾಬ್ ಹಿಡಿದು ಒಳಗೆ ಹೋದೆ.

ಕಾಕಿ ಅಡುಗೆಮನೆಯ ಕುರ್ಚಿಯ ಮೇಲೆ ಕೂತು ಮೆಂತ್ಯದ ಪಲ್ಲೆ ಸೋಸುತ್ತಿದ್ದರು. ಸೊಸೆ ಒಲೆಯ ಮುಂದೆ ನಮಗೆ ಬೆನ್ನು ಮಾಡಿ ಚಹಾ ಕುದಿಸುತ್ತಿದ್ದಳು. "ಬರ್ರಿ ಮಾವಶಿ, ಕುಂದ್ರಿ" ಎಂದಳು, ನನ್ನನ್ನು ಅಂಗಡಿಯಲ್ಲಿ ಮಾತ್ರ ನೋಡಿದವಳ ಹಾಗೆ. ಕಾಕಿ ಕೈ ಒರೆಸಿಕೊಂಡು, ಚಸ್ಮಾ ಏರಿಸಿಕೊಂಡು, ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಪಕ್ಕದಲ್ಲಿ ನಿಂತು ಹುಡುಗಿಯ ಮನೆತನ ಹೇಳಿದೆ. ಅವರು ಕೇಳುತ್ತಿರಲಿಲ್ಲ, ನೋಡುತ್ತಿದ್ದರು.

"ಬಂಗಾರದಂಥಾ ಹುಡಗಿ" ಎಂದರು. ಆಮೇಲೆ ಎರಡೂ ಕೈಯಿಂದ ಆ ಗಾಜಿನ ಮೇಲಿನ ಕೆನ್ನೆಯನ್ನು ಸವರಿ, ಬೆರಳನ್ನು ಕಪಾಳಕ್ಕೆ ಒತ್ತಿ ಲಟಿಕೆ ಮುರಿದರು. ಸಪ್ಪಳ ಚೆನ್ನಾಗಿ ಬಂತು. ನಾನು ನಗಬೇಕೆನ್ನುವಷ್ಟರಲ್ಲಿ, ಸವರಿದ ಕೈಯ ಜೊತೆಗೆ ಬೇಡಗದ ಹುಡುಗಿ ಪಕ್ಕಕ್ಕೆ ಸರಿದು ಹೋದಳು. ಅವಳ ಜಾಗಕ್ಕೆ ಬೂದು ಸೀರೆ, ಹಸಿರು ಕಟಾಂಜನ ಬಂದು ನಿಂತಿತು.

ಮಗಳು ಫೋಟೊಗಳನ್ನು ಟ್ಯಾಬ್‌ಗೆ ಹಾಕುವಾಗ ಎಲ್ಲ ಫೋಲ್ಡರಿನವೂ ಬಂದಿದ್ದವು, ಬಂದು ಒಂದೇ ಸಾಲಿನಲ್ಲಿ ಕೂತಿದ್ದವು. ಬೇಡಗದವಳೂ ಇವಳೂ ಒಂದೇ ವಾರ ಹೆಸರು ಹಚ್ಚಿಸಿದ್ದರಿಂದ ಅಕ್ಕಪಕ್ಕದಲ್ಲೇ ಇದ್ದರು. ನಾನು ಯಾವಾಗಲೂ ಬೇಕಾದ ಫೋಟೊಕ್ಕೆ ನಿಲ್ಲಿಸುವವಳು, ಪಕ್ಕದಲ್ಲಿ ಯಾರಿದ್ದಾರೆಂದು ನೋಡಿರಲಿಲ್ಲ. ಕಾಗದದ ಫೋಟೊ ಸವರಿದರೆ ಜಾಗ ಬಿಟ್ಟು ಹೋಗುತ್ತಿರಲಿಲ್ಲ.

ಕಾಕಿ ಚಸ್ಮಾ ತೆಗೆದು, ಸೆರಗಿನಿಂದ ಒರೆಸಿ, ತಿರುಗಿ ಹಾಕಿಕೊಂಡರು. ಅವರದೇ ಗಚ್ಚಿ, ಅವರದೇ ಕಟಾಂಜನ, ತಪ್ಪು ತಿಳಿಯುವ ಮಾತೇ ಇರಲಿಲ್ಲ. ನಾನು ಎಂಥ ಹೆಣ್ಣುಗಳ ಫೋಟೊ ಇಟ್ಟುಕೊಳ್ಳುತ್ತೇನೆ, ಏಕೆ ಇಟ್ಟುಕೊಳ್ಳುತ್ತೇನೆ ಎಂಬುದೂ ಅವರಿಗೆ ಗೊತ್ತು. ಅಷ್ಟರಲ್ಲಿ ಸೊಸೆ ಕಪ್ಪುಗಳ ತಾಟು ಹಿಡಿದು ತಿರುಗಿದಳು. ಅತ್ತೆಯ ತೊಡೆಯ ಮೇಲೆ ತನ್ನ ಮುಖವೇ ಅವಳಿಗೆ ಕಂಡಿತು. ತಾಟಿನಲ್ಲಿ ಕಪ್ಪುಗಳು ಒಂದಕ್ಕೊಂದು ತಾಕಿ ಸಪ್ಪಳ ಮಾಡಿದವು.

ಕಾಕಿ ಟ್ಯಾಬನ್ನು ಮಗುಚಿ ಮೆಂತ್ಯದ ಮೇಲೆ ಇಟ್ಟರು. "ಚಾ ಆರತೈತಿ. ಅಂವಗ ಕೊಡು ಹೋಗು" ಎಂದರು ಸೊಸೆಗೆ. ಆಮೇಲೆ ನನಗೆ, "ಬೇಡಗದವ್ರ ನಂಬರ್ ಕಳಸು. ನಾ ಮಾತಾಡತೇನಿ." ಅವರ ದನಿಯಲ್ಲಿ ಸಿಟ್ಟಿತ್ತೋ ದುಃಖವಿತ್ತೋ ನನಗೆ ಗೊತ್ತಾಗಲಿಲ್ಲ. ನಾನು ಚಹಾವನ್ನು ಹೇಗೆ ಕುಡಿದೆನೋ, ಹೇಗೆ ಮೆಟ್ಟಿಲಿಳಿದೆನೋ ನೆನಪಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ ಸೊಸೆ ಬಾಗಿಲಿನವರೆಗೆ ಬಂದಳು. ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದು ಮಗಳ ಮೇಲೆ ಹರಿಹಾಯ್ದೆ. ಅವಳು ಪಾಪ ಹೆದರಿ, "ಆಯಿ, ಮಲಾ ಮಾಹಿತ್ ನವ್ಹತಂ" ಎಂದಳು, ತನಗೆ ಗೊತ್ತಿರಲಿಲ್ಲ ಎಂದು. ಅವಳಿಗೆ ಹೇಗೆ ಗೊತ್ತಿರಬೇಕು, ನಾನು ಯಾರಿಗೂ ಹೇಳಿರಲಿಲ್ಲ. ಮನೆಯವರು ಇದೇ ಸಮಯವೆಂದು, "ನನ್ನ ಲ್ಯಾಪ್‌ಟಾಪ್ ಆಗಿದ್ರ ಹಿಂಗ ಆಗತಿರಲಿಲ್ಲ" ಎಂದರು. ಇನ್ನೊಮ್ಮೆ ಆ ಎರಡರ ಹೆಸರು ಎತ್ತಿದರೆ ಎರಡನ್ನೂ ಕೃಷ್ಣೆಗೆ ಹಾಕಿಬಿಡುತ್ತೇನೆ ಎಂದೆ. ಇಬ್ಬರೂ ಎದ್ದು ಒಳಗೆ ಹೋದರು. ನನಗೆ ಅವರ ಮೇಲೇನೂ ಸಿಟ್ಟಿರಲಿಲ್ಲ. ಆ ಸೊಸೆಯನ್ನು ಇವತ್ತು ಆ ಮನೆಯಲ್ಲಿ ಯಾರು ಊಟಕ್ಕೆ ಕರೆಯುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು.

ಮರುದಿನ ಅಂಗಡಿಯಿಂದ ಅವಳ ಫೋನ್ ಬಂತು. ಹಿಂದೆ ಗಿರಾಕಿಗಳ ಗದ್ದಲ. ಸಣ್ಣ ದನಿಯಲ್ಲಿ, "ಮಾವಶಿ, ನನ್ನ ಫೋಟೊ ತಗದಬಿಡ್ರಿ. ಎಲ್ಲಾ ಅಳಸಿಬಿಡ್ರಿ" ಎಂದಳು. ಕಾಕಿ ಏನಂದರು ಎಂದು ಕೇಳಿದೆ. "ಏನೂ ಅನ್ನಾಕ ಒಲ್ರು. ಬೈದಿದ್ರ ಪಾಡಿತ್ರಿ. ಉಣ್ಣಾಕ ಬರ್ತಾರ, ಉಂಡ ಏಳ್ತಾರ. ನನ್ನ ಕಡೆ ನೋಡಂಗಿಲ್ಲ." ಆಮೇಲೆ, "ಸಣ್ಣವನ ಲಗ್ನ ಆದ ಮ್ಯಾಲ ಹೊಸಾ ಸೊಸಿ ಬರತಾಳ. ಆಗ ನನಗ ಹೋಗು ಅಂದ್ರ ಏನ್ ಮಾಡಲಿ?" ಎಂದಳು.

ಟ್ಯಾಬಿನಿಂದ ಅಳಿಸಿದೆ. ಲ್ಯಾಪ್‌ಟಾಪ್ ತೆರೆದು ಕೂತವಳು ಅಳಿಸಲಾರದೆ ಹೋದೆ. ಎಷ್ಟು ಧೈರ್ಯ ಕೂಡಿಸಿಕೊಂಡು ಅವಳು ಅವತ್ತು ಬಂದಿದ್ದಳು ಎಂಬುದು ನೆನಪಾಗುತ್ತಿತ್ತು. "ಟ್ಯಾಬಿನಾಗಿಂದು ತಗದೇನಿ. ಇನ್ನೊಂದು ಇಲ್ಲೇ ಮನ್ಯಾಗ ಇರತೈತಿ, ಯಾರಿಗೂ ತೋರಸೂದಿಲ್ಲ. ಬ್ಯಾಡ ಅಂದ್ರ ನೀನ ಬಂದು ಅಳಸು" ಎಂದು ಹೇಳಿದೆ. ಅವಳು ಬರಲಿಲ್ಲ. ನಾನು ಮತ್ತೆ ಫೋನ್ ಮಾಡಲು ಅಂಜಿದೆ.

ಸುಮಾರು ಎರಡು ವಾರದ ಮೇಲೆ, ಮಧ್ಯಾಹ್ನ, ಬಾಗಿಲಲ್ಲಿ ಕಾಕಿ ನಿಂತಿದ್ದರು. ಒಬ್ಬರೇ. ಕೈಯಲ್ಲಿ ಬಟ್ಟೆಯ ಚೀಲ. ಮೊಣಕಾಲು ನೋವಿನವರು ಬಸ್ಸಿನಲ್ಲಿ ಬಂದು, ಸ್ಟ್ಯಾಂಡಿನಿಂದ ಆಟೊ ಹಿಡಿದು, ನಮ್ಮ ಮೆಟ್ಟಿಲು ಹತ್ತಿದ್ದರು. ಬೈಸಿಕೊಳ್ಳಲು ನಾನು ತಯಾರಾಗಿಯೇ ನೀರು ತಂದುಕೊಟ್ಟೆ. ಅವರು ಒಂದು ಗುಟುಕು ಕುಡಿದು, "ನಿನ್ನ ಆ ದೊಡ್ಡ ಮಷೀನ್ ಐತೆಲ್ಲ, ಅದನ್ನ ತಗೀ. ಸಣ್ಣದು ಬ್ಯಾಡ" ಎಂದರು.

ನಾನು ಲ್ಯಾಪ್‌ಟಾಪ್ ತೆರೆದೆ. ಅವರು ಎದುರಿನ ಸೋಫಾದಲ್ಲಿ ಕೂರಲಿಲ್ಲ. ಕುರ್ಚಿ ಎಳೆದುಕೊಂಡು ಬಂದು ನನ್ನ ಪಕ್ಕಕ್ಕೆ ಕೂತರು. ಇಷ್ಟು ವರ್ಷದಲ್ಲಿ ಆ ಪರದೆಯ ನನ್ನ ಕಡೆಗೆ ಯಾರೂ ಬಂದು ಕೂತಿರಲಿಲ್ಲ. "ಆಕಿದು ತಗೀ" ಎಂದರು. ತೆಗೆದೆ. ಬಹಳ ಹೊತ್ತು ನೋಡಿದರು.

"ಕಾಕಿ, ತಪ್ಪು ನಂದು. ಆಕೀದಲ್ಲ" ಎಂದೆ ನಾನು.

"ಯಾರ ತಪ್ಪು ಕೇಳಾಕ ಬಂದಿಲ್ಲ" ಎಂದರು. "ಸಿಟ್ಟು ಬಂದಿತ್ತು, ಇಲ್ಲನ್ನಂಗಿಲ್ಲ. ಮಂದಿ ಏನ್ ಅಂತಾರ ಅಂತ ಅಲ್ಲ. ನಮ್ಮಜ್ಜಿ ಕಾಲದಾಗೂ ಗಂಡ ಸತ್ತಾಕಿಗೆ ಉಡಿಕಿ ಅಂತ ಇನ್ನೊಂದು ಲಗ್ನ ಮಾಡತಿದ್ರು. ನನಗ ಹೇಳಲಿಲ್ಲಲ್ಲ ಅಂತ ಸಿಟ್ಟು. ಆಮ್ಯಾಲ ಅನ್ನಿಸ್ತು, ಆಕಿ ಹೆಂಗ ಹೇಳಬೇಕು? ನಾನ ಕೇಳಬೇಕಿತ್ತು. ನಾಕ ವರ್ಷ ಕೇಳಲಿಲ್ಲ. ಯಾಕಂದ್ರ, ತಂಗಿ, ನನ್ನ ಮಗನ ಮಾತು ನಾ ಆಡೂದು ಆಕಿ ಜೋಡಿ ಒಬ್ಬಾಕಿ ಜೋಡೀನ. ಸಣ್ಣವನ ಮುಂದ ಅಂವನ ಹೆಸರು ತಗದ್ರ ಎದ್ದು ಹೋಗ್ತಾನ. ಆಕಿ ಹ್ವಾದ್ರ ನಾ ಯಾರ ಜೋಡಿ ಮಾತಾಡಲಿ?"

ಅವರು ಅಳಲಿಲ್ಲ. ಚೀಲದಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಒಂದು ಕಾಗದದ ಫೋಟೊ ಇತ್ತು. ಯಾರದೋ ಮದುವೆಯಲ್ಲಿ ತೆಗೆದದ್ದು. ಅವಳು ಹಸಿರು ಇಳಕಲ್ ಸೀರೆ ಉಟ್ಟು, ಪಕ್ಕದಲ್ಲಿರುವ ಯಾರನ್ನೋ ನೋಡಿ ಬಾಯಿ ತುಂಬ ನಗುತ್ತಿದ್ದಳು. "ಇದನ್ನ ಹಾಕು. ನೀ ಹಾಕಿದ್ದರಾಗ ಆಕಿ ಕಳವು ಮಾಡಿದಾಕಿ ಕಂಡಂಗ ಕಾಣ್ತಾಳ. ಇಂಥಾದ್ದು ನೋಡಿ ಯಾರ ಬರ್ತಾರ?"

ಟ್ಯಾಬ್ ತಂದು ಅದರ ಕ್ಯಾಮೆರಾದಿಂದ ಆ ಫೋಟೊ ತೆಗೆದೆ, ಲ್ಯಾಪ್‌ಟಾಪಿಗೆ ಹಾಕಿದೆ, ಹಳೆಯದನ್ನು ಅಳಿಸಿದೆ. ಕಾಕಿ ಅಷ್ಟಕ್ಕೆ ಬಿಡಲಿಲ್ಲ. ಬರೆದದ್ದನ್ನೆಲ್ಲ ಓದು ಎಂದರು. ಸ್ವಭಾವ ಎಂಬಲ್ಲಿ ನಾನು ಎಲ್ಲರಿಗೂ ಹಾಕುವ ಹಾಗೆ "ಶಾಂತ" ಎಂದು ಹಾಕಿದ್ದೆ.

"ಶಾಂತ ಎಲ್ಲೀದು? ಗಿರಾಕಿ ಚೌಕಾಶಿಗೆ ನಿಂತ್ರ ಬಟ್ಟಿ ಥಾನ ಮಡಚಿ ಇಟ್ಟಬಿಡ್ತಾಳ. ಖರೇ ಮಾತಾಡ್ತಾಳ ಅಂತ ಹಾಕು."

ಹಾಕಿದೆ. ಓದು ಸರಿ ಇತ್ತು. ಅಡುಗೆ ಎಂಬಲ್ಲಿ "ಹೋಳಿಗಿ ಬರಂಗಿಲ್ಲ, ಉಳದದ್ದು ಬರತೈತಿ" ಎಂದರು, ಅದನ್ನು ನಾನು ಬರೆಯಲಿಲ್ಲ. ಸಂಪರ್ಕಕ್ಕೆ ಅವಳು ಕೊಟ್ಟಿದ್ದ ಗೆಳತಿಯ ನಂಬರ್ ತೆಗೆಸಿ ತಮ್ಮದನ್ನು ಹಾಕಿಸಿದರು. ಕಡೆಯಲ್ಲಿ ಅಪೇಕ್ಷೆಗಳು ಎಂಬ ಸಾಲು ಬಂತು. ಹುಡುಗ ಹೇಗಿರಬೇಕು ಎಂದು ಹುಡುಗಿಯ ಕಡೆಯವರು ಬರೆಸುವ ಜಾಗ ಅದು. ಸ್ವಂತ ಮನೆ, ನೌಕರಿ, ಚಟ ಇರಬಾರದು, ಹೀಗೆಲ್ಲ ಬರೆಸುತ್ತಾರೆ. ಅವಳು ಅದನ್ನು ಖಾಲಿ ಬಿಟ್ಟಿದ್ದಳು. ನಾನು ಎಷ್ಟು ಕೇಳಿದರೂ, "ನನ್ನಂಥಾಕಿ ಏನ್ ಅಪೇಕ್ಷಾ ಇಡೂದ್ರಿ" ಎಂದಿದ್ದಳು. ಅದನ್ನು ಕಾಕಿಗೆ ಹೇಳಿದೆ.

ಅವರು ಖಾಲಿ ಜಾಗವನ್ನು ನೋಡುತ್ತ ಕೂತರು. ಪರದೆ ಮಂಕಾಯಿತು, ನಾನು ಕೀಲಿ ಮುಟ್ಟಿ ಬೆಳಗಿಸಿದೆ.

"ಬರಿ" ಎಂದರು. "ಪಂಚಮಿಗೆ, ದೀಪಾವಳಿಗೆ ಆಕಿನ್ನ ತೌರಮನಿಗೆ ಕಳಸಬೇಕು. ಕಳಸೂದಿಲ್ಲ ಅನ್ನಾವ್ರು ಬರೂದ ಬ್ಯಾಡ."

ನನ್ನ ಕೈ ನಿಂತಿತು. "ಕಾಕಿ, ಸೊಲ್ಲಾಪುರದವ ಕರಿಯೂದ ಇಲ್ಲಲ್ರಿ" ಎಂದೆ.

"ಸೊಲ್ಲಾಪುರ ಯಾರ ಅಂದ್ರು? ಮಿರಜಕ್ಕ. ನಮ್ಮ ಮನಿಗೆ."

ನಾನು ಟೈಪ್ ಮಾಡಿದೆ. ಒಂದೊಂದೇ ಅಕ್ಷರ ಪರದೆಯ ಮೇಲೆ ಬೀಳುವುದನ್ನು ಅವರು ಬೆರಳು ಚಾಚಿ, ಗಾಜು ಮುಟ್ಟದೆ, ಹಿಂಬಾಲಿಸಿದರು. ಮುಗಿದ ಮೇಲೆ ಓದಿಸಿದರು. ಇನ್ನೊಮ್ಮೆ ಓದು ಎಂದರು. ಆಮೇಲೆ, "ಇದನ್ನ ಆಕಿ ಫೋನಿಗೆ ಕಳಸು. ನಾ ಬಾಯಿಲೆ ಹೇಳಾಕ ಹೋದ್ರ ಅಳತೇನಿ, ನನಗ ಆಗೂದಿಲ್ಲ" ಎಂದು ಚೀಲ ಎತ್ತಿಕೊಂಡು, ಮೇಜಿನ ಅಂಚು ಹಿಡಿದು ಎದ್ದರು. ಸಂಜೆಗೆ ಬಸ್ಸಿನಲ್ಲಿ ಗದ್ದಲವಾಗುತ್ತದೆ, ಈಗಲೇ ಹೋಗುತ್ತೇನೆ ಎಂದರು.

ಕಾಕಿ ಇಲ್ಲೇ ಇದ್ದಾರೆ, ಈಗ ಬಸ್ಸಿಗೆ ಹೊರಟಿದ್ದಾರೆ ಎಂದೂ ಸೇರಿಸಿ ನಾನು ಸೊಸೆಗೆ ಕಳಿಸಿದೆ. ಚಪ್ಪಲಿ ಹಾಕಿಕೊಳ್ಳಲು ಅವರಿಗೆ ಕೈ ಆಸರೆ ಕೊಟ್ಟು ನಿಂತಿದ್ದಾಗ ಇನ್ನೊಂದು ಕೈಯಲ್ಲಿದ್ದ ಫೋನ್ ನೋಡಿದೆ. ಮೊದಲು ಏನೂ ಬಂದಿರಲಿಲ್ಲ, ಅವಳು ಬರೆಯುತ್ತಿದ್ದಾಳೆ ಎಂದಷ್ಟೇ ತೋರಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತೋರಿಸುತ್ತಿತ್ತು. ಕಡೆಗೆ ಬಂದದ್ದನ್ನು ಕಾಕಿಗೆ ಓದಿ ಹೇಳಿದೆ: "ಮಾವಶಿ, ಅವ್ವನ್ನ ಬಸ್ಸಿಗೆ ಬಿಡಬ್ಯಾಡ್ರಿ. ಅಂಗಡಿ ಬಾಗಲಾ ಹಾಕೇನಿ. ಕರಕೊಂಡು ಹೋಗಾಕ ನಾ ಬರಾಕತ್ತೇನಿ."

ಇಷ್ಟು ವರ್ಷ ಅವಳು ಅವರನ್ನು ಅತ್ತಿ ಎಂದೇ ಕರೆದವಳು. ಕಾಕಿ ಹಾಕಿಕೊಂಡಿದ್ದ ಒಂದು ಚಪ್ಪಲಿಯನ್ನು ತೆಗೆದು ಗೋಡೆಯ ಪಕ್ಕಕ್ಕೆ ಇಟ್ಟು, ಒಳಗೆ ಬಂದು, ರಸ್ತೆ ಕಾಣುವ ಹಾಗೆ ಕುರ್ಚಿ ತಿರುಗಿಸಿಕೊಂಡು ಕೂತರು.